ಸೂರ್ಯಕಾಂತಿ ಬೀಜವೊಂದನ್ನೇ ತಿನ್ನುವ ಕಾಕಟೀಲ್‌ಗೆ ರಾಗಿ ಬ್ರೆಡ್

ಪ್ರಶ್ನೆ: ನಾವು ಚಿಂತಾಮಣಿಯವರು. ನಮ್ಮ ಮನೆಯಲ್ಲಿ ಮೂರು ವರ್ಷದ ಗಂಡು ಕಾಕಟೀಲ್ (ಗಿಣಿಜಾತಿಯ ಸಾಕುಹಕ್ಕಿ) ಇದೆ. ಮಗಳು ಅದನ್ನು ‘ಪುಟ್ಟ’ ಎಂದು ಕರೆಯುತ್ತಾಳೆ. ಸೂರ್ಯಕಾಂತಿ ಬೀಜ ಮತ್ತು ಒಂದಿಷ್ಟು ನವಣೆ ಬಿಟ್ಟರೆ ಅದು ಬೇರೇನನ್ನೂ ಮುಟ್ಟುವುದಿಲ್ಲ. ಪೆಲೆಟ್ (ಹಕ್ಕಿಗಳಿಗೆಂದು ತಯಾರಿಸಿ ಮಾರುವ ಗುಳಿಗೆಯಂಥ ಆಹಾರ) ತಂದು ಹಾಕಿದರೆ ಬಟ್ಟಲನ್ನೇ ಮಗುಚಿ ಹಾಕುತ್ತದೆ. ಬಾಳೆಹಣ್ಣು, ಗೋಧಿಹಿಟ್ಟು, ಬೆಲ್ಲ, ಅಡುಗೆ ಸೋಡಾ ಸೇರಿಸಿ ಕುಕ್ಕರಿನಲ್ಲಿ ಕೇಕು ಮಾಡಿ ಕೊಟ್ಟೆ. ಒಂದು ಸಲ ಕುಕ್ಕಿ, ಕೊಕ್ಕನ್ನು ಸರಳಿಗೆ ಒರೆಸಿಕೊಂಡು ಹೋಯಿತು. ಓವನ್ ಇಲ್ಲದ ಮನೆಯಲ್ಲಿ ಹಕ್ಕಿಗೆ ಬ್ರೆಡ್ ಮಾಡುವುದು ಹೇಗೆ? ನಮ್ಮ ಅತ್ತೆಯವರು ಅದಕ್ಕೆ ಕಡಲೆಬೀಜವನ್ನೂ ಅವರೆಕಾಯಿ ಕಾಲದಲ್ಲಿ ಹಿತಕಿದ ಬೇಳೆಯನ್ನೂ ಕೊಡುತ್ತಾರೆ. ಅದು ಸರಿಯೇ?

ಉತ್ತರ: ನಿಮ್ಮ ಪತ್ರದಲ್ಲಿ ನನಗೆ ಹೆಚ್ಚು ಉಪಯೋಗಕ್ಕೆ ಬಂದದ್ದು, ಪುಟ್ಟ ಕೊಕ್ಕನ್ನು ಸರಳಿಗೆ ಒರೆಸಿಕೊಂಡಿತು ಎಂಬ ಮಾತು. ಕೊಕ್ಕಿಗೆ ಅಂಟಿಕೊಳ್ಳುವ ಪದಾರ್ಥ ಸಿಕ್ಕಾಗ ಕಾಕಟೀಲ್ ಮಾಡುವುದು ಇದನ್ನೇ. ನಿಮ್ಮ ಕೇಕಿನ ರುಚಿ ಅದಕ್ಕೆ ಹಿಡಿಸಲಿಲ್ಲ ಎಂದು ನೀವು ಬೇಸರಪಟ್ಟುಕೊಂಡಿರಬಹುದು, ಆದರೆ ರುಚಿ ನೋಡುವ ಹಂತಕ್ಕೆ ಅದು ಬಂದೇ ಇರಲಿಕ್ಕಿಲ್ಲ. ಮನುಷ್ಯರ ನಾಲಿಗೆಯಲ್ಲಿ ರುಚಿಮೊಗ್ಗುಗಳು ಸಾವಿರಗಟ್ಟಲೆ ಇದ್ದರೆ ಗಿಣಿಜಾತಿಯ ಹಕ್ಕಿಗಳಲ್ಲಿ ಅವು ಕೆಲವು ನೂರು ಮಾತ್ರ. ಆಹಾರವನ್ನು ಅವು ಮೊದಲು ಕಣ್ಣಿನಿಂದಲೂ ಆಮೇಲೆ ಕೊಕ್ಕಿನ ತುದಿ ಮತ್ತು ನಾಲಿಗೆಯ ಸ್ಪರ್ಶದಿಂದಲೂ ಅಳೆಯುತ್ತವೆ. ನಮ್ಮ ಪೇಟೆಯ ಅಂಗಡಿಗಳಲ್ಲಿ ‘ಕಾಕ್‌ಟೇಲ್’ ಎಂದು ಕೂಗಿ ಮಾರುವ ಈ ಹಕ್ಕಿಯ ತವರು ಆಸ್ಟ್ರೇಲಿಯಾದ ಒಣ ಒಳನಾಡು. ಅಲ್ಲಿ ಅದು ಹಿಂಡಿನೊಡನೆ ನೆಲದ ಮೇಲೆ ಓಡಾಡುತ್ತ ಉದುರಿದ ಹುಲ್ಲಿನ ಬೀಜಗಳನ್ನು ಆಯ್ದು ತಿನ್ನುತ್ತದೆ. ಸಣ್ಣದಾಗಿ, ಒಣಗಿ, ಕೊಕ್ಕಿಗೆ ಸಿಕ್ಕೊಡನೆ ಟಕ್ಕೆಂದು ಒಡೆಯುವ ವಸ್ತುವನ್ನು ಮಾತ್ರ ಆಹಾರವೆಂದು ತಿಳಿದ ಹಕ್ಕಿಯ ಮುಂದೆ ಮೆತ್ತನೆಯ, ಹಸಿಯ, ಅಂಟಂಟಾದ ಬಾಳೆಹಣ್ಣಿನ ಕೇಕನ್ನು ಇಟ್ಟರೆ ಅದು ಅದಕ್ಕೆ ಕೆಸರಿನಂತೆಯೇ ಕಂಡೀತು. ಆದ್ದರಿಂದ ನೀವು ಮಾಡಬೇಕಾದ ಬ್ರೆಡ್ಡು ಹೆಸರಿಗಷ್ಟೇ ಬ್ರೆಡ್ಡು. ಅದು ರಸ್ಕಿನಂತೆ ಒಣಗಿರಬೇಕು, ನವಣೆ ಕಾಳಿನಿಂದ ಜೋಳದ ಕಾಳಿನವರೆಗಿನ ಗಾತ್ರದ ಚೂರುಗಳಾಗಿ ಒಡೆಯಬೇಕು.

ಇಲ್ಲಿ ಒಂದು ಮಾತನ್ನು ಬೇರೆ ಓದುಗರಿಗಾಗಿ ಸೇರಿಸುತ್ತೇನೆ. ಕಾಕಟೀಲ್ ಸಾಕಲು ಅಡ್ಡಿಯಿಲ್ಲ. ಆದರೆ ನಮ್ಮ ಮಾವಿನ ತೋಪುಗಳಲ್ಲಿ ಹಾರಾಡುವ, ಕೊರಳಿಗೆ ಗುಲಾಬಿ ಪಟ್ಟಿಯಿರುವ ಹಸಿರು ಗಿಣಿಯನ್ನು ಪಂಜರದಲ್ಲಿಡುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ಅಂಥ ಹಕ್ಕಿಗೆ ಬ್ರೆಡ್ಡಿನ ಪಾಕ ಕೇಳಿ ಬರುವ ಪತ್ರಗಳಿಗೆ ನಾನು ಉತ್ತರಿಸುವುದಿಲ್ಲ.

ಸೂರ್ಯಕಾಂತಿ ಬೀಜದ ತೊಂದರೆ ಏನೆಂದು ನೀವು ಕೇಳಿಲ್ಲವಾದರೂ, ಬ್ರೆಡ್ಡಿಗೆ ಏನು ಹಾಕಬೇಕೆಂಬುದು ಅದರಿಂದಲೇ ನಿರ್ಧಾರವಾಗುತ್ತದೆ. ಸಿಪ್ಪೆ ಬಿಡಿಸಿದ ಬೀಜದ ಸುಮಾರು ಅರ್ಧ ತೂಕ ಎಣ್ಣೆ. ಪಂಜರದಲ್ಲಿ ದಿನವಿಡೀ ಕುಳಿತ ಹಕ್ಕಿಗೆ ಅಷ್ಟು ಕೊಬ್ಬು ಸೇರಿದರೆ ಅದು ಯಕೃತ್ತಿನಲ್ಲಿ ತುಂಬಿಕೊಳ್ಳುತ್ತದೆ. ನೂರು ಗ್ರಾಂ ಬೀಜದಲ್ಲಿ ರಂಜಕ 600 ಮಿಲಿಗ್ರಾಂ ದಾಟಿದರೆ ಕ್ಯಾಲ್ಸಿಯಂ 100 ಮಿಲಿಗ್ರಾಂ ಕೂಡ ಇರುವುದಿಲ್ಲ; ಈ ಏರುಪೇರನ್ನು ಸರಿದೂಗಿಸಲು ದೇಹವು ಮೂಳೆಯಿಂದ ಕ್ಯಾಲ್ಸಿಯಂ ತೆಗೆಯುತ್ತದೆ. ವಿಟಮಿನ್ ಎ ಅಂತೂ ಅದರಲ್ಲಿ ಇಲ್ಲವೆಂದರೂ ನಡೆದೀತು. ವರ್ಷಗಟ್ಟಲೆ ಬೀಜವನ್ನೇ ತಿಂದ ಹಕ್ಕಿಗಳ ಬಾಯಿಯೊಳಗೆ ಬಿಳಿ ಪೊರೆಯಂಥ ಚುಕ್ಕೆಗಳು ಏಳುವುದು, ಮೂಗು ಸೋರುವುದು, ಉಸಿರಾಟದ ಸೋಂಕು ಮರಳಿ ಮರಳಿ ಬರುವುದು ಈ ಕೊರತೆಯಿಂದ. ಹಾಗಾಗಿ ನಮ್ಮ ಬ್ರೆಡ್ಡಿಗೆ ಎಣ್ಣೆ ಬೇಡ, ಕ್ಯಾಲ್ಸಿಯಂ ಮತ್ತು ದೇಹವು ವಿಟಮಿನ್ ಎ ಆಗಿ ಮಾರ್ಪಡಿಸಿಕೊಳ್ಳುವ ಕ್ಯಾರೋಟಿನ್ ಬೇಕು.

ಕ್ಯಾಲ್ಸಿಯಂ ವಿಷಯದಲ್ಲಿ ನಮ್ಮ ಕಡೆಯವರು ಅದೃಷ್ಟವಂತರು. ನೂರು ಗ್ರಾಂ ಅಕ್ಕಿಯಲ್ಲಿ ಸುಮಾರು 10 ಮಿಲಿಗ್ರಾಂ, ಗೋಧಿಯಲ್ಲಿ 40 ಮಿಲಿಗ್ರಾಂ ಆಸುಪಾಸು ಕ್ಯಾಲ್ಸಿಯಂ ಇದ್ದರೆ ರಾಗಿಯಲ್ಲಿ ಅದು ಸುಮಾರು 350 ಮಿಲಿಗ್ರಾಂ. ಹಕ್ಕಿಗೆಂದು ಗೋಧಿಹಿಟ್ಟನ್ನೋ ಮೈದಾವನ್ನೋ ಹುಡುಕುವ ಅಗತ್ಯವೇ ಇಲ್ಲ. ಮುದ್ದೆಗೆ ಬೀಸಿಸಿಟ್ಟ ಹಿಟ್ಟು ಸಾಕು. ರಾಗಿಯನ್ನು ಒಂದು ರಾತ್ರಿ ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ಒಣಗಿಸಿ ಬೀಸಿದ ಹಿಟ್ಟಾದರೆ ಇನ್ನೂ ಒಳ್ಳೆಯದು, ಏಕೆಂದರೆ ಕ್ಯಾಲ್ಸಿಯಂ ಅನ್ನು ಹಿಡಿದಿಟ್ಟುಕೊಳ್ಳುವ ಫೈಟೇಟ್ ಅಂಶ ಮೊಳಕೆಯಲ್ಲಿ ಕಡಿಮೆಯಾಗುತ್ತದೆ. ರಾಗಿಯಲ್ಲಿ ಗೋಧಿಯ ಅಂಟು ಇಲ್ಲದಿರುವುದು ಮನುಷ್ಯರ ಬ್ರೆಡ್ಡಿಗೆ ದೋಷ, ನಮ್ಮ ಈ ಕೆಲಸಕ್ಕೆ ಗುಣ: ಬೆಂದದ್ದು ತಾನಾಗಿಯೇ ಪುಡಿಪುಡಿಯಾಗುತ್ತದೆ.

ಅಳತೆ ಹೀಗಿರಲಿ. ರಾಗಿಹಿಟ್ಟು 100 ಗ್ರಾಂ, ಮುಸುಕಿನ ಜೋಳದ ಹಿಟ್ಟು 50 ಗ್ರಾಂ. ಸಿಹಿಗುಂಬಳವನ್ನು ಸಿಪ್ಪೆ ತೆಗೆದು ಹಬೆಯಲ್ಲಿ ಬೇಯಿಸಿ ಕಿವುಚಿದ್ದು 100 ಗ್ರಾಂ. ಅದು ಸಿಗದಿದ್ದರೆ ಕ್ಯಾರೆಟ್ ಅಥವಾ ಒಳಗೆ ಕೇಸರಿ ಬಣ್ಣವಿರುವ ಗೆಣಸು. ಬಿಳಿ ಗೆಣಸಿನಲ್ಲಿ ನಮಗೆ ಬೇಕಾದ ಕ್ಯಾರೋಟಿನ್ ಇರುವುದಿಲ್ಲ. ಬೇಯಿಸಿ ನೀರು ಬಸಿದ ಹೆಸರುಕಾಳು ಒಂದು ಹಿಡಿ. ಎಳೆಯ ನುಗ್ಗೆಸೊಪ್ಪನ್ನು ಕಡ್ಡಿ ತೆಗೆದು ಸಣ್ಣಗೆ ಹೆಚ್ಚಿದ್ದು ಒಂದು ಹಿಡಿ. ಪಾಲಕ್ ಬೇಡ, ಅದರ ಆಕ್ಸಲೇಟ್ ನಾವು ರಾಗಿಯಿಂದ ಕೂಡಿಸಿದ ಕ್ಯಾಲ್ಸಿಯಂ ಅನ್ನೇ ಕಟ್ಟಿಹಾಕುತ್ತದೆ. ಒಂದು ಕೋಳಿಮೊಟ್ಟೆ. ಆ ಮೊಟ್ಟೆಯ ಚಿಪ್ಪನ್ನು ಎಸೆಯದೆ ಹತ್ತು ನಿಮಿಷ ಕುದಿಸಿ, ಒಣಗಿಸಿ, ನುಣ್ಣಗೆ ಪುಡಿ ಮಾಡಿ ಅರ್ಧ ಟೀ ಚಮಚದಷ್ಟು ಹಿಟ್ಟಿಗೆ ಸೇರಿಸಿ. ನೀವು ತಂದ ಪೆಲೆಟ್ ಇನ್ನೂ ಕೆಟ್ಟಿಲ್ಲವಾದರೆ ಎರಡು ದೊಡ್ಡ ಚಮಚದಷ್ಟನ್ನು ಮಿಕ್ಸಿಯಲ್ಲಿ ಪುಡಿ ಮಾಡಿ ಇದರಲ್ಲೇ ಕಲಸಿ. ಬೇಯುವಾಗ ಅದರ ಕೆಲವು ವಿಟಮಿನ್‌ಗಳು ನಷ್ಟವಾಗುತ್ತವೆಯಾದರೂ ಅದರ ವಾಸನೆ ಮತ್ತು ರುಚಿ ಪುಟ್ಟನಿಗೆ ಪರಿಚಯವಾಗುವುದು ಮುಂದೆ ಬಹಳ ಪ್ರಯೋಜನಕ್ಕೆ ಬರುತ್ತದೆ. ಕೊನೆಗೆ ಮೂರು ಚಮಚ ನವಣೆ, ಎರಡು ಹಿಟ್ಟಿನೊಳಕ್ಕೆ, ಒಂದು ಮೇಲೆ ಉದುರಿಸುವುದಕ್ಕೆ. ಪುಟ್ಟನಿಗೆ ನವಣೆ ಗೊತ್ತು. ತಟ್ಟೆಯಲ್ಲಿ ಅದರ ಕಣ್ಣಿಗೆ ಮೊದಲು ಬೀಳಬೇಕಾದದ್ದು ಆ ಕಾಳೇ.

ಇದಕ್ಕೆ ಒಂದು ಚಿಟಿಕೆ ಒಣಮೆಣಸಿನಕಾಯಿಯ ತರಿ ಹಾಕಿ ಎಂದರೆ ನಿಮ್ಮ ಮಗಳು ನನ್ನ ಮೇಲೆ ಕೋಪ ಮಾಡಿಕೊಂಡಾಳು. ಮೆಣಸಿನ ಖಾರಕ್ಕೆ ಕಾರಣವಾದ ಕ್ಯಾಪ್ಸೈಸಿನ್ ನಮ್ಮ ನಾಲಿಗೆಯ ನರಗಳನ್ನು ಕೆಣಕುವಂತೆ ಹಕ್ಕಿಗಳ ನರಗಳನ್ನು ಕೆಣಕುವುದಿಲ್ಲ. ಅವುಗಳಿಗೆ ಅದು ಖಾರವೇ ಅಲ್ಲ. ಕೆಂಪು ಮೆಣಸಿನಕಾಯಿಯಲ್ಲಿ ಕ್ಯಾರೋಟಿನ್ ಧಾರಾಳವಾಗಿದೆ, ಕೆಂಪು ಚೂರುಗಳು ಕಣ್ಣನ್ನೂ ಸೆಳೆಯುತ್ತವೆ.

ಉಪ್ಪು, ಸಕ್ಕರೆ, ಬೆಲ್ಲ, ಅಡುಗೆ ಸೋಡಾ, ಹಾಲು ಯಾವುದೂ ಬೇಡ. ನೂರು ಗ್ರಾಂ ಆಸುಪಾಸು ತೂಗುವ ಜೀವಕ್ಕೆ ಸೋಡಾದ ಸೋಡಿಯಂ ಸಣ್ಣದೇನಲ್ಲ. ಬ್ರೆಡ್ಡು ಉಬ್ಬಬೇಕಾದ ಕಾರಣವೂ ನಮಗಿಲ್ಲ. ಹಾಲಿನ ಸಕ್ಕರೆಯನ್ನು ಜೀರ್ಣಿಸುವ ಶಕ್ತಿ ಹಕ್ಕಿಗಳಿಗಿಲ್ಲ. ಈರುಳ್ಳಿ, ಬೆಳ್ಳುಳ್ಳಿ, ಚಾಕೊಲೇಟ್, ಕಾಫಿ, ಟೀ ಇವು ಹತ್ತಿರವೂ ಸುಳಿಯಬಾರದು. ಎಲ್ಲಕ್ಕಿಂತ ಹೆಚ್ಚಾಗಿ ಬೆಣ್ಣೆಹಣ್ಣು: ಜ್ಯೂಸಿನ ಅಂಗಡಿಗಳಲ್ಲಿ ಬಟರ್ ಫ್ರೂಟ್ ಎನ್ನುವ ಈ ಹಣ್ಣಿನಲ್ಲಿರುವ ಪರ್ಸಿನ್ ಎಂಬ ಅಂಶವು ಹಕ್ಕಿಗಳ ಹೃದಯವನ್ನು ಘಾಸಿಗೊಳಿಸಿ ಒಂದೆರಡು ದಿನಗಳಲ್ಲೇ ಪ್ರಾಣ ತೆಗೆಯಬಲ್ಲದು.

ಹಿಟ್ಟಿಗೆ ನೀರು ಬಹುಶಃ ಬೇಕಾಗುವುದಿಲ್ಲ. ಕುಂಬಳ ಮತ್ತು ಮೊಟ್ಟೆಯ ತೇವವೇ ಸಾಕಾಗಿ, ರೊಟ್ಟಿ ತಟ್ಟುವ ಹದಕ್ಕಿಂತ ತುಸು ಗಟ್ಟಿಯಾಗಿ ಕೂಡಿಕೊಳ್ಳುತ್ತದೆ. ದಪ್ಪ ತಳದ ಹಳೆಯ ಪಾತ್ರೆಯಲ್ಲೋ ಗ್ಯಾಸ್ಕೆಟ್ ಮತ್ತು ವೆಯ್ಟ್ ತೆಗೆದ ಕುಕ್ಕರಿನಲ್ಲೋ ಎರಡು ಬೆರಳಷ್ಟು ಮರಳು ಹರಡಿ, ಮೇಲೊಂದು ಸ್ಟ್ಯಾಂಡ್ ಇಟ್ಟು, ಮುಚ್ಚಿ ಹತ್ತು ನಿಮಿಷ ಕಾಯಿಸಿ. ಸ್ಟೀಲ್ ತಟ್ಟೆಗೆ ಎಣ್ಣೆಯ ಬದಲು ಒಣ ರಾಗಿಹಿಟ್ಟು ಉದುರಿಸಿ, ಹಿಟ್ಟನ್ನು ಅರ್ಧ ಬೆರಳಿಗಿಂತ ದಪ್ಪವಾಗದಂತೆ ತಟ್ಟಿ, ಮೇಲೆ ನವಣೆ ಒತ್ತಿ ಒಳಗಿಡಿ. ಸಣ್ಣ ಉರಿಯಲ್ಲಿ ಮುಕ್ಕಾಲು ಗಂಟೆ ಬೇಕು. ಕಡ್ಡಿ ಚುಚ್ಚಿದರೆ ಒಣಗಿ ಬರಬೇಕು, ಮೊಟ್ಟೆ ಪೂರ್ತಿ ಬೆಂದಿರಬೇಕು. ಇಷ್ಟಕ್ಕೇ ನಿಲ್ಲಿಸಿದರೆ ನಿಮ್ಮ ಬಾಳೆಹಣ್ಣಿನ ಕೇಕಿನ ಕತೆಯೇ ಮರುಕಳಿಸುತ್ತದೆ. ಆರಿದ ಮೇಲೆ ಕೈಯಿಂದ ಮುರಿದು ಪುಡಿಯಾಗಿಸಿ, ಕಬ್ಬಿಣದ ಹೆಂಚಿನ ಮೇಲೆ ಸಣ್ಣ ಉರಿಯಲ್ಲಿ ಇಪ್ಪತ್ತು ನಿಮಿಷ ಕೈಯಾಡಿಸುತ್ತ ಮತ್ತೆ ಒಣಗಿಸಿ. ಒಂದು ಚೂರನ್ನು ನಿಮ್ಮ ಹಲ್ಲಿನ ನಡುವೆ ಇಟ್ಟು ನೋಡಿ. ನಿಪ್ಪಟ್ಟಿನಂತೆ ಸದ್ದು ಮಾಡಿ ಒಡೆದರೆ ಹದ ಬಂದಿದೆ. ಹಲ್ಲಿಗೆ ಮೆತ್ತಿಕೊಂಡರೆ ಇನ್ನೂ ಹತ್ತು ನಿಮಿಷ ಬೇಕು. ಓವನ್ ಇರುವವರು 175 ಡಿಗ್ರಿಯಲ್ಲಿ ಅರ್ಧ ಗಂಟೆ ಬೇಯಿಸಿ, ಪುಡಿ ಮಾಡಿ, 110 ಡಿಗ್ರಿಯಲ್ಲಿ ಇನ್ನೊಂದಿಪ್ಪತ್ತು ನಿಮಿಷ ಒಣಗಿಸಬಹುದು.

ನಾನ್‌ಸ್ಟಿಕ್ ಪಾತ್ರೆಯನ್ನು ಮಾತ್ರ ಈ ಕೆಲಸಕ್ಕೆ ಮುಟ್ಟಬೇಡಿ. ಹಕ್ಕಿ ಇರುವ ಮನೆಯಲ್ಲಿ ಅದು ಇರಲೇಬಾರದೆಂಬುದು ನನ್ನ ಖಚಿತ ಅಭಿಪ್ರಾಯ. ಆ ಲೇಪನವು ವಿಪರೀತ ಕಾದಾಗ ಬರುವ ಹೊಗೆಗೆ ನಮಗೆ ತಿಳಿಯುವಂಥ ವಾಸನೆಯೂ ಇರಲಿಕ್ಕಿಲ್ಲ, ಆದರೆ ಶ್ವಾಸಕೋಶದ ಜೊತೆಗೆ ಗಾಳಿಚೀಲಗಳನ್ನೂ ಹೊಂದಿ ಉಸಿರಿನಿಂದ ನಮಗಿಂತ ಎಷ್ಟೋ ಚೆನ್ನಾಗಿ ಗಾಳಿಯನ್ನು ಹೀರಿಕೊಳ್ಳುವ ಹಕ್ಕಿಯು ಅದರಿಂದ ನಿಮಿಷಗಳಲ್ಲೇ ಸಾಯುತ್ತದೆ. ಮೆಣಸಿನಕಾಯಿ ತಿಂದರೆ ಏನೂ ಆಗದ ಹಕ್ಕಿಗೆ ಮೆಣಸಿನಕಾಯಿ ಒಗ್ಗರಣೆಯ ಘಾಟು ಕೂಡ ಒಳ್ಳೆಯದಲ್ಲ. ಖಾರ ತಿಳಿಯದಿದ್ದರೂ ಹೊಗೆ ಹೊಗೆಯೇ. ಒಲೆ ಹಚ್ಚುವಾಗ ಪಂಜರ ಬೇರೆ ಕೋಣೆಯಲ್ಲಿರಲಿ, ಕಿಟಕಿ ತೆರೆದಿರಲಿ.

ಇನ್ನು ಕೊಡುವ ಕ್ರಮ. ಪಾಕಕ್ಕಿಂತ ಇದು ಕಷ್ಟ, ಏಕೆಂದರೆ ಇಲ್ಲಿ ತಪ್ಪಿದರೆ ಹಕ್ಕಿ ಉಪವಾಸ ಬೀಳುತ್ತದೆ. ಹಸಿದರೆ ತಾನಾಗಿಯೇ ತಿನ್ನುತ್ತದೆ ಎಂಬ ಮಾತನ್ನು ಯಾರು ಹೇಳಿದರೂ ನಂಬಬೇಡಿ. ಪರಿಚಯವಿಲ್ಲದ್ದನ್ನು ಆಹಾರವೆಂದೇ ತಿಳಿಯದ ಹಕ್ಕಿ ತುಂಬಿದ ಬಟ್ಟಲಿನ ಮುಂದೆ ಹಸಿದು ಕೂರುತ್ತದೆ, ಮತ್ತು ಇಷ್ಟು ಚಿಕ್ಕ ದೇಹಕ್ಕೆ ಒಂದೆರಡು ದಿನದ ಉಪವಾಸವೂ ಅಪಾಯವೇ. ನಾನೇ ಇದರಲ್ಲಿ ಮೋಸ ಹೋಗಿದ್ದೇನೆ. ಕೋಲಾರದ ನಮ್ಮ ಮನೆಯ ಹೆಣ್ಣು ಕಾಕಟೀಲ್‌ಗೆ ಬೀಜ ನಿಲ್ಲಿಸಿ ಬ್ರೆಡ್ಡಿನ ಪುಡಿ ಕೊಟ್ಟಾಗ ಅದು ದಿನವೂ ಬಟ್ಟಲಿನಲ್ಲಿ ಕೊಕ್ಕಾಡಿಸುವುದನ್ನೂ ತಟ್ಟೆಯ ಸುತ್ತ ಪುಡಿ ಚೆಲ್ಲಿರುವುದನ್ನೂ ಕಂಡು ತಿನ್ನುತ್ತಿದೆ ಎಂದುಕೊಂಡಿದ್ದೆ. ನಾಲ್ಕನೆಯ ದಿನ ಅಡುಗೆಮನೆಯ ತಕ್ಕಡಿಯ ಮೇಲೆ ನಿಲ್ಲಿಸಿದಾಗ 92 ಗ್ರಾಂ ಇದ್ದದ್ದು 83ಕ್ಕೆ ಇಳಿದಿತ್ತು. ಅದು ಪುಡಿಯನ್ನು ಕೊಕ್ಕಿನಲ್ಲಿ ಹಿಂಡಿ ಹಿಂಡಿ ಉದುರಿಸುತ್ತಿತ್ತೇ ಹೊರತು ಒಂದು ಚೂರನ್ನೂ ನುಂಗಿರಲಿಲ್ಲ. ಆ ಸಂಜೆಯೇ ಹಳೆಯ ಬೀಜಕ್ಕೆ ಮರಳಿ, ಎರಡು ವಾರ ಬಿಟ್ಟು, ಮತ್ತೆ ನಿಧಾನವಾಗಿ ಮೊದಲಿನಿಂದ ತೊಡಗಬೇಕಾಯಿತು.

ಆದ್ದರಿಂದ ಒಂದು ಗ್ರಾಂವರೆಗೂ ಸರಿಯಾಗಿ ತೋರಿಸುವ ಡಿಜಿಟಲ್ ತಕ್ಕಡಿಯನ್ನು ಮೊದಲು ತನ್ನಿ. ಬೆಳಿಗ್ಗೆ ಮೊದಲ ಹಿಕ್ಕೆ ಹಾಕಿದ ಮೇಲೆ, ತಿನ್ನುವ ಮೊದಲು, ದಿನವೂ ತೂಗಿ ಬರೆದಿಡಿ. ಮೊದಲ ವಾರ ಆಹಾರದಲ್ಲಿ ಏನನ್ನೂ ಬದಲಿಸದೆ ತೂಕವನ್ನಷ್ಟೇ ನೋಡಿ. ಕಾಕಟೀಲ್‌ಗಳು ಸಾಮಾನ್ಯವಾಗಿ 80ರಿಂದ 110 ಗ್ರಾಂ ತೂಗುತ್ತವೆ, ಪುಟ್ಟನ ತೂಕ ಇದರಲ್ಲಿ ಎಲ್ಲಿ ನಿಲ್ಲುತ್ತದೆಂದು ನಿಮಗೆ ತಿಳಿದಿರಬೇಕು. ಅದೇ ವಾರದಲ್ಲಿ, ಹಕ್ಕಿಗಳನ್ನು ನೋಡಿ ಬಲ್ಲ ಪಶುವೈದ್ಯರಿಗೆ ಒಮ್ಮೆ ತೋರಿಸಿಬಿಡಿ. ಹತ್ತಿರದಲ್ಲಿ ಅಂಥವರಿಲ್ಲದಿದ್ದರೆ ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ ಹೋಗಿಬರಬಹುದು. ಮೂರು ವರ್ಷ ಬೀಜ ತಿಂದ ಯಕೃತ್ತು ಬದಲಾವಣೆಯನ್ನು ತಾಳುವ ಸ್ಥಿತಿಯಲ್ಲಿದೆಯೇ ಎಂಬುದನ್ನು ಪತ್ರ ನೋಡಿ ನಾನು ಹೇಳಲಾರೆ.

ಎರಡನೆಯ ವಾರದಿಂದ ಸೂರ್ಯಕಾಂತಿಯ ಪ್ರಮಾಣವನ್ನು ಸ್ವಲ್ಪ ಸ್ವಲ್ಪವೇ ಇಳಿಸಿ ನವಣೆ, ಸಾಮೆಗಳನ್ನು ಏರಿಸಿ. ಇದರಿಂದಲೇ ಅರ್ಧ ಗೆದ್ದಂತೆ, ಏಕೆಂದರೆ ಸಿರಿಧಾನ್ಯದಲ್ಲಿ ಎಣ್ಣೆ ಅಲ್ಪ. ಸಾಕುಹಕ್ಕಿಗಳಿಗೆಂದು ಪೊಟ್ಟಣದಲ್ಲಿ ದುಬಾರಿ ಬೆಲೆಗೆ ಮಾರುವ ತೆನೆಯೂ ನಮ್ಮ ನವಣೆಯ ತೆನೆಯೇ. ಪಾವಗಡ, ಶಿರಾ ಕಡೆಯ ನೆಂಟರಿದ್ದರೆ ಸುಗ್ಗಿಯಲ್ಲಿ ಒಂದು ಕಟ್ಟು ತೆನೆ ಕೇಳಿ ತರಿಸಿಕೊಳ್ಳಿ. ಬ್ರೆಡ್ಡಿನ ಪುಡಿಯನ್ನು ಬಟ್ಟಲಿನಲ್ಲಿ ಕೊಡಬೇಡಿ. ಒಂದು ಪುಟ್ಟ ಮೊರದಲ್ಲಿ ಹತ್ತು ಪಾಲು ನವಣೆಗೆ ಒಂದು ಪಾಲು ಪುಡಿ ಬೆರೆಸಿ ತೆಳ್ಳಗೆ ಹರಡಿ, ಬೆಳಿಗ್ಗೆ ಹಸಿವಿರುವ ಹೊತ್ತಿನಲ್ಲಿ ಹಕ್ಕಿಯನ್ನು ಪಂಜರದಿಂದ ಹೊರಗೆ ಬಿಟ್ಟು ಅದರ ಮುಂದೆ ನೆಲದ ಮೇಲಿಡಿ. ನೆಲದಲ್ಲಿ ಆಯ್ದು ತಿನ್ನುವುದು ಅದರ ಹುಟ್ಟುಗುಣ. ಮೊರದ ಇನ್ನೊಂದು ಬದಿಯಲ್ಲಿ ನಿಮ್ಮ ಮಗಳು ಕುಳಿತು ಬೆರಳಿನಿಂದ ಕಾಳು ಕೆದಕುತ್ತ ತಾನೂ ಒಂದೆರಡು ಚೂರು ಬಾಯಿಗೆ ಹಾಕಿಕೊಳ್ಳಲಿ. ಉಪ್ಪಿಲ್ಲದ ರಾಗಿ ಬಿಸ್ಕತ್ತೆಂದುಕೊಂಡರಾಯಿತು. ಹಿಂಡಿನ ಹಕ್ಕಿಗೆ ಜೊತೆಯವರು ತಿನ್ನುವುದನ್ನು ಕಂಡರೆ ಬರುವಷ್ಟು ನಂಬಿಕೆ ಬೇರೆ ಯಾವುದರಿಂದಲೂ ಬಾರದು. ಪುಡಿಯನ್ನು ನುಂಗುವುದು ಖಚಿತವಾದ ಮೇಲೆ ವಾರಕ್ಕೊಂದು ಪಾಲಿನಂತೆ ಹೆಚ್ಚಿಸಿ. ಸಂಜೆಯ ಊಟಕ್ಕೆ ಪರಿಚಿತ ಕಾಳು ಇದ್ದೇ ಇರಲಿ.

ಬಟ್ಟಲಿನಲ್ಲಿ ಕಾಳು ಉಳಿದಿದೆ ಎಂದು ಮೇಲಿಂದ ನೋಡಿ ಹೇಳಬೇಡಿ. ಒಮ್ಮೆ ಊದಿ ನೋಡಿ. ತುಂಬಿದಂತೆ ಕಾಣುವುದು ಎಷ್ಟೋ ಸಲ ಬರೀ ಹೊಟ್ಟು. ತೂಕ ಎರಡು ದಿನ ಸತತವಾಗಿ ಇಳಿದರೆ ಹಿಂದಿನ ವಾರದ ಪ್ರಮಾಣಕ್ಕೆ ಮರಳಿ. ಮೊದಲಿನ ತೂಕದ ಹತ್ತರಲ್ಲೊಂದು ಪಾಲು ಇಳಿದರೆ, ಹಿಕ್ಕೆ ತೀರಾ ಕಡಿಮೆಯಾದರೆ, ಹಕ್ಕಿ ಪುಕ್ಕ ಉಬ್ಬಿಸಿಕೊಂಡು ಪಂಜರದ ತಳದಲ್ಲಿ ಕುಳಿತರೆ ಪ್ರಯೋಗವನ್ನು ಅಲ್ಲಿಗೇ ಬಿಟ್ಟು ವೈದ್ಯರಲ್ಲಿಗೆ ಹೋಗಿ.

ಬ್ರೆಡ್ಡು ಪೂರ್ಣ ಆಹಾರವಾಗಲಾರದು. ದಿನಕ್ಕೆ ಎರಡು ಗ್ರಾಂ, ಅಂದರೆ ಒಂದು ಸಣ್ಣ ಚಮಚದಷ್ಟು, ಸಾಕು. ಅದರ ಬೆನ್ನಿಗೆ ಪೆಲೆಟ್ಟನ್ನೂ ಹಸಿ ಸೊಪ್ಪನ್ನೂ ಒಪ್ಪಿಸುವುದು ನಮ್ಮ ಗುರಿ. ಮೇಲೆ ಹೇಳಿದ ಅಳತೆ ತಿಂಗಳಿಗೂ ಮಿಗುವುದರಿಂದ ನಾಲ್ಕು ಡಬ್ಬಿಗಳಲ್ಲಿ ಹಂಚಿ ಫ್ರೀಜರಿನಲ್ಲಿಡಿ, ಒಂದು ತಿಂಗಳಾದ ಮೇಲೆ ಉಳಿದದ್ದನ್ನು ಎಸೆಯಿರಿ. ದಿನದ ಚಮಚವನ್ನು ಹೆಂಚಿನ ಮೇಲೆ ಬೆಚ್ಚಗೆ ಮಾಡಿ ಗರಿಯಾಗಿಸಿ ಆರಿಸಿ ಕೊಡಿ, ತಿನ್ನದೆ ಬಿಟ್ಟದ್ದನ್ನು ಎರಡು ಮೂರು ಗಂಟೆಯೊಳಗೆ ತೆಗೆದುಬಿಡಿ. ಜೊತೆಗೆ ಬೆಳಗಿನ ಎಳೆಬಿಸಿಲಿನಲ್ಲಿ, ಅರ್ಧ ಪಂಜರಕ್ಕೆ ನೆರಳು ಮಾಡಿ, ಬೆಕ್ಕು ಬಾರದಂತೆ ಕಾವಲಿದ್ದು ಇಪ್ಪತ್ತು ಮೂವತ್ತು ನಿಮಿಷ ಕೂರಿಸಿ. ಕಿಟಕಿಯ ಗಾಜನ್ನು ದಾಟಿ ಬಂದ ಬಿಸಿಲಿನಿಂದ ವಿಟಮಿನ್ ಡಿ ಹುಟ್ಟುವುದಿಲ್ಲ, ಅದಿಲ್ಲದೆ ರಾಗಿಯ ಕ್ಯಾಲ್ಸಿಯಂ ಮೈಗೆ ಹತ್ತುವುದಿಲ್ಲ. ಅಂಗಡಿಯವರು ನೀರಿಗೆ ಹಾಕಲು ಕೊಡುವ ವಿಟಮಿನ್ ಹನಿಗಳನ್ನು ವೈದ್ಯರು ಹೇಳದೆ ಬಳಸಬೇಡಿ. ಕುಂಬಳದ ಕ್ಯಾರೋಟಿನ್‌ನಿಂದ ದೇಹ ತನಗೆ ಬೇಕಾದಷ್ಟನ್ನೇ ವಿಟಮಿನ್ ಎ ಮಾಡಿಕೊಳ್ಳುತ್ತದೆ, ನೇರವಾಗಿ ಕೊಟ್ಟ ವಿಟಮಿನ್ ಎ ಹೆಚ್ಚಾದರೆ ವಿಷವಾಗುತ್ತದೆ.

ನಿಮ್ಮ ಅತ್ತೆಯವರ ಕಡಲೆಬೀಜದ ವಿಷಯ. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಮರಿಗಳು ಕಾರಣ ತಿಳಿಯದೆ ಸತ್ತವು. ಬ್ರೆಜಿಲ್‌ನಿಂದ ಬಂದ ಕಡಲೆಕಾಯಿ ಹಿಂಡಿಯಲ್ಲಿ ಬೆಳೆದ ಬೂಷ್ಟಿನ ವಿಷವೇ ಅದಕ್ಕೆ ಕಾರಣವೆಂದು ಹುಡುಕುತ್ತ ಹೋದಾಗ ಅಫ್ಲಟಾಕ್ಸಿನ್ ಪತ್ತೆಯಾಯಿತು. ಈ ವಿಷ ಯಕೃತ್ತಿಗೇ ಹೊಡೆಯುತ್ತದೆ, ಹುರಿದರೂ ಪೂರ್ತಿ ಹೋಗುವುದಿಲ್ಲ, ಕಣ್ಣಿಗೆ ಬೂಷ್ಟು ಕಾಣದ ಬೀಜದಲ್ಲೂ ಇರಬಹುದು. ಮನೆಯ ಹೊಲದ ಕಾಯಾದರೂ ಕೀಳುವ ಹೊತ್ತಿಗೆ ಮಳೆ ಹಿಡಿದು ಸರಿಯಾಗಿ ಒಣಗದಿದ್ದರೆ ಅಪಾಯ ಒಂದೇ. ಅದೂ ಅಲ್ಲದೆ ಕಡಲೆಬೀಜದ ಅರ್ಧದಷ್ಟು ಎಣ್ಣೆಯೇ ಆಗಿರುವುದರಿಂದ ಸೂರ್ಯಕಾಂತಿಯನ್ನು ಇಳಿಸುವ ನಮ್ಮ ಶ್ರಮವೆಲ್ಲ ಅಲ್ಲಿ ಸೋರಿಹೋಗುತ್ತದೆ. ಅವರಿಗೆ ನನ್ನ ಪರವಾಗಿ ಕ್ಷಮೆ ಕೇಳಿ, ಇದನ್ನು ನಿಲ್ಲಿಸಲು ಹೇಳಿ.

ಹಿತಕಿದ ಬೇಳೆಯನ್ನು ಅವರು ಕೊಡುತ್ತಲೇ ಇರಬಹುದು, ಹಸಿಯಾಗಿ ಮಾತ್ರ ಬೇಡ. ಹಸಿ ಅವರೆಯಲ್ಲಿ ಸಯನೈಡ್ ಬಿಡುವ ಅಂಶವೂ ಪ್ರೋಟೀನು ಜೀರ್ಣವಾಗದಂತೆ ತಡೆಯುವ ಅಂಶವೂ ಇವೆ. ಚೆನ್ನಾಗಿ ಬೇಯಿಸಿ ನೀರು ಬಸಿದರೆ ಆ ಭಯ ಇರುವುದಿಲ್ಲ. ಸಾರಿಗೆ ಉಪ್ಪು ಮತ್ತು ಮಸಾಲೆ ಬೀಳುವ ಮೊದಲೇ ನಾಲ್ಕು ಬೇಳೆ ತೆಗೆದಿಟ್ಟು, ಚಿವುಟಿ, ಬ್ರೆಡ್ಡಿನ ಪುಡಿಯಲ್ಲಿ ಹೊರಳಿಸಿ ಮೊರದ ಮೂಲೆಯಲ್ಲಿಡಲಿ. ಮೂರು ವರ್ಷದಿಂದ ಅವರ ಕೈಯಿಂದ ತಿಂದು ರೂಢಿಯಿರುವ ಪುಟ್ಟ, ಆ ಪುಡಿಯನ್ನು ನಿಮ್ಮಿಂದ ಒಪ್ಪಿಕೊಳ್ಳುವುದಕ್ಕಿಂತ ಬೇಗ ಅವರಿಂದ ಒಪ್ಪಿಕೊಂಡೀತು.